ತಿಳಿನೀರು ಚೆಲ್ಲಿದ ಕೈ

ಕಲ್ಕತ್ತಾಕ್ಕೆ ಬಂದ ಮೂರನೆಯ ವಾರ ನಾನು ಒಂದು ಗಾಜಿನ ಫ್ಲಾಸ್ಕಿನ ತುಂಬ ಇದ್ದ ತಿಳಿನೀರನ್ನು ಸಿಂಕಿಗೆ ಸುರಿದೆ. ನೋಡಿದ ಲ್ಯಾಬಿನ ವಿಜ್ಞಾನಿ ಮಿನತಿದಿ ಕಿರುಚಲಿಲ್ಲ. ಸ್ಟೂಲಿನ ಮೇಲೆ ಕುಳಿತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಸುಮ್ಮನಿರುವವರ ಎದುರು ಯಾರ ಚೌಕಾಸಿಯೂ ನಡೆಯುವುದಿಲ್ಲ.

ನಾನು ಮೂಡಿಗೆರೆಯ ಅಂಗಡಿ ಮನೆಯವನು. ಶಾಲೆ ಬಿಟ್ಟು ಚಿಕ್ಕಮಗಳೂರಿನಲ್ಲಿ ಮೋಟಾರು, ಫ್ರಿಜ್ಜು ರಿಪೇರಿ ಕಲಿತೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಪ್ರಯೋಗಶಾಲೆಯೊಂದಕ್ಕೆ ಮೆಕ್ಯಾನಿಕ್ ಬೇಕೆಂಬ ಜಾಹೀರಾತು ನೋಡಿ ಹೊರಟುಬಂದೆ. ಆರು ತಿಂಗಳು ನೋಡುತ್ತಾರೆ. ಆಮೇಲೆ ಕಾಯಂ, ಇಲ್ಲವೇ ವಾಪಸು ರೈಲು.

ಊಟ-ವಸತಿ ಎರಡೂ ಇದ್ದ ಮೆಸ್ಸಿನಲ್ಲಿ ಬೇಳೆಯೊಳಗೂ ಮೀನಿನ ತಲೆ. ಯಜಮಾನನ ಫ್ಯಾನು ಸರಿಮಾಡಿಕೊಟ್ಟು, ಬದಲಿಗೆ ಮೀನಿಲ್ಲದ ಬೇಳೆಯನ್ನೂ ಕಿಟಕಿ ಪಕ್ಕದ ಮಂಚವನ್ನೂ ಗಿಟ್ಟಿಸಿದೆ. ಪರವೂರಿಗೆ ಹೊರಡುವವರಿಗೆ ನನ್ನ ಬುದ್ಧಿಮಾತು ಇಷ್ಟೇ: ಮೊದಲು ಒಂದು ಕೆಲಸ ಮಾಡಿಕೊಡಿ, ಆಮೇಲೆ ಕೇಳಿ. ಆದರೆ ಮಾತಾಡಲು ಜನ ಬೇಕೆಂದರೆ ಎಷ್ಟು ಫ್ಯಾನು ಸರಿಮಾಡಿದರೂ ಸಿಗುವುದಿಲ್ಲ. ಭಾನುವಾರ ಹೌರಾ ಸ್ಟೇಷನ್ನಿಗೆ ಹೋಗಿ, ಮದರಾಸಿನಿಂದ ಬಂದ ರೈಲಿನಿಂದ ಇಳಿಯುವವರ ನಡುವೆ ನಿಲ್ಲುತ್ತಿದ್ದೆ. ತಮಿಳು ಕೇಳಿಸುತ್ತಿತ್ತು, ತೆಲುಗು ಕೇಳಿಸುತ್ತಿತ್ತು. ಪ್ಲಾಟ್‌ಫಾರ್ಮು ಖಾಲಿಯಾದ ಮೇಲೆ ಮೆಸ್ಸಿಗೆ ಮರಳುತ್ತಿದ್ದೆ. ಕೊನೆಗೆ ಲ್ಯಾಬಿನ ಫ್ರಿಜ್ಜಿನ ಜೊತೆ ಕನ್ನಡ ಮಾತಾಡತೊಡಗಿದೆ. ಕರೆಂಟು ಹೋಗುವುದಕ್ಕೆ ಅಲ್ಲಿ ‘ಲೋಡ್‌ಶೆಡ್ಡಿಂಗ್’ ಎನ್ನುತ್ತಾರೆ. ಕರೆಂಟು ಬಂದರೂ ಮೋಟಾರು ಏಳದಿದ್ದರೆ, “ಏಳು ಮಾರಾಯ, ನನ್ನ ಮಾನ ಕಳೀಬೇಡ” ಎಂದು ಅದರ ಬೆನ್ನು ತಟ್ಟುತ್ತಿದ್ದೆ.

ಮಿನತಿದಿ (‘ದಿ’ ಎಂದರೆ ಅಕ್ಕ) ಬ್ಯಾಕ್ಟೀರಿಯಾದೊಳಗೆ ಯಾವ ಜೀನ್ ಪಕ್ಕ ಯಾವ ಜೀನ್ ಇದೆ ಎಂದು ಹುಡುಕುವವರು. ಕಣ್ಣಿಗೇ ಕಾಣದ್ದರೊಳಗೆ ಕೈ ಹಾಕಲು ಅವರಿಗಿದ್ದ ಉಪಕರಣ ಫೇಜ್, ಅಂದರೆ ಬ್ಯಾಕ್ಟೀರಿಯಾಕ್ಕೇ ತಗಲುವ ವೈರಸ್. ಅದು ಒಳಹೊಕ್ಕು, ನೂರಾರು ಮರಿಯಾಗಿ, ಆ ಮನೆಯನ್ನೇ ಒಡೆದು ಹೊರಬರುತ್ತದೆ. ಅಪರೂಪಕ್ಕೆ ಒಂದು ಮರಿ ತಪ್ಪಿ, ತನ್ನ ಸಾಮಾನಿನ ಬದಲು ಆ ಮನೆಯ ಜೀನ್‌ಗಳ ತುಂಡೊಂದನ್ನು ತುಂಬಿಕೊಂಡು ಹೋಗಿ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಮುಟ್ಟಿಸುತ್ತದೆ. ಅದರ ಚೀಲ ಚಿಕ್ಕದು. ಆದ್ದರಿಂದ ಎರಡು ಗುಣ ಮತ್ತೆ ಮತ್ತೆ ಜೊತೆಯಾಗಿ ಬಂದರೆ, ಮೂಲದಲ್ಲಿ ಅವು ಅಕ್ಕಪಕ್ಕ ಇದ್ದವು ಎಂದು ತಿಳಿಯಬೇಕು.

ಇದೆಲ್ಲ ನನಗೆ ಅರ್ಥವಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ನಮ್ಮೂರ ಹತ್ತಿರದ ಜಾವಳಿಯಲ್ಲಿ ಭಾವನ ಕಾಫಿ ತೋಟದ ತೊಟ್ಟಿ. ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿದ ಕಾಫಿಬೀಜವನ್ನು ಲೋಳೆ ಹೋಗುವವರೆಗೆ ಅದರಲ್ಲಿ ತೊಳೆಯುತ್ತೇವೆ. ನೀರು ಕದಡಿದ್ದರೆ ಕೆಲಸ ಬಾಕಿ. ತಿಳಿಯಾದರೆ ಮುಗಿಯಿತು, ಬಿರಡೆ ಎಳೆದು ನೀರು ಬಿಡುವುದು. ಬೆಳಿಗ್ಗೆ ಕದಡಿದ್ದ ಆ ಫ್ಲಾಸ್ಕು ಮಧ್ಯಾಹ್ನ ತಿಳಿಯಾಗಿತ್ತು. ಮುಗಿಯಿತು, ತೊಳೆದಿಡೋಣವೆಂದು ಸುರಿದುಬಿಟ್ಟೆ. ಬ್ಯಾಕ್ಟೀರಿಯಾಗಳೆಲ್ಲ ಒಡೆದು ಫೇಜ್ ತುಂಬಿದ್ದರಿಂದಲೇ ಅದು ತಿಳಿಯಾಗಿತ್ತು. ಆ ಬ್ಯಾಕ್ಟೀರಿಯಾ ತಳಿಯನ್ನು ಕಾಪಿಟ್ಟಿದ್ದ ಬೇರೆ ಕೊಳವೆಗಳೆಲ್ಲ, ನಾನು ಬರುವ ಮೊದಲೇ ಫ್ರಿಜ್ಜು ಕೆಟ್ಟು, ಹಾಳಾಗಿದ್ದವು. ಮಿನತಿದಿಯ ನಾಲ್ಕು ವರ್ಷದ ದುಡಿಮೆ ಆ ಫ್ಲಾಸ್ಕಿನಲ್ಲಿತ್ತು.

“ದಿದಿ, ಫ್ಲಾಸ್ಕು ಇನ್ನೂ ತೊಳೆದಿಲ್ಲ,” ಎಂದೆ, ನನ್ನ ಹರಕು ಹಿಂದಿಯಲ್ಲಿ.

“ಖಾಲಿ ಫ್ಲಾಸ್ಕು ಪೂಜೆಗಿಡ್ತೀಯಾ?”

“ಖಾಲಿ ಅಲ್ಲ. ನಮ್ಮಂಗಡೀಲಿ ಖಾಲಿಯಾದ ಎಣ್ಣೆ ಡಬ್ಬಿ ಓರೆ ಮಾಡಿಡ್ತೇವೆ. ಗೋಡೆಗೆ ಅಂಟಿದ್ದೆಲ್ಲ ಮೂಲೆಗೆ ಇಳೀತದೆ.”

ಓರೆಯಾಗಿ ಹಿಡಿದು ನಿಂತೆ. ಐದಾರು ಹನಿ ಕೂಡಿತು. ತನಗೆ ಬೇಕಾದ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದ ಇನ್ನೊಂದು ತಳಿಗೆ ಅವರು ಆ ಹನಿ ಬೆರೆಸಿ, ಆ ಆಹಾರವಿಲ್ಲದ ತಟ್ಟೆಗಳ ಮೇಲೆ ಸವರಿದರು. ಫೇಜ್ ಜೀನ್ ಮುಟ್ಟಿಸಿದ್ದರೆ ಮಾತ್ರ ಅಲ್ಲಿ ಏನಾದರೂ ಬೆಳೆಯಬೇಕು. ಇನ್ನು ವಾಪಸು ರೈಲೇ ಎಂದು ಅವರಿಗೂ ಹೇಳಿ, ನಾನು ಮೆಸ್ಸಿಗೆ ಹೋಗಿ ಟ್ರಂಕು ಕಟ್ಟಿದೆ.

ಮೂರನೆಯ ದಿನ ತಟ್ಟೆಗಳಲ್ಲಿ ಒಂಬತ್ತು ಚುಕ್ಕೆಗಳಿದ್ದವು. ಇನ್ನೊಂದು ಗುಣವನ್ನೂ ಪರೀಕ್ಷಿಸಿದಾಗ, ಏಳರಲ್ಲಿ ಅದೂ ಜೊತೆಗೆ ಬಂದಿತ್ತು.

“ಅಕ್ಕಪಕ್ಕದ ಮನೆಯವು, ಶಿಬು!” ಎಂದು ಮಿನತಿದಿ ಬೆಂಚು ಕುಟ್ಟಿದರು. ಶಿವು ಎನ್ನುವುದು ಬಂಗಾಳಿ ಬಾಯಲ್ಲಿ ಶಿಬು. “ಟ್ರಂಕು ಬಿಚ್ಚು, ಮಾರಾಯ.”

ಫ್ರಿಜ್ಜಿಗೆ ನಾನು ಹೇಳುತ್ತಿದ್ದುದನ್ನು ಅವರು ಕೇಳಿಸಿಕೊಂಡಿದ್ದರು. ಬಂದಾಗಿನಿಂದ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಮೋಟಾರು ನೋಡುವ ನೆಪದಲ್ಲಿ ಫ್ರಿಜ್ಜಿನ ಹಿಂದೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಕಾಯಂ ಆದೆ. ಮೂರು ವರ್ಷದ ಮೇಲೆ, ಹಣ್ಣು ಕೊಯ್ಲಿನ ಹೊತ್ತಿಗೆ ರಜೆ ಹಾಕಿ ಜಾವಳಿಗೆ ಹೋದೆ. ತೊಟ್ಟಿಯಲ್ಲಿ ನೀರು ತಿಳಿಯಾಯಿತು. ಬಿರಡೆಯ ಹಗ್ಗ ನನ್ನ ಕೈಯಲ್ಲಿತ್ತು.

“ಎಳಿ ಮಾರಾಯ, ಮುಗೀತಲ್ಲ!” ಎಂದರು ಭಾವ. “ಕೈ ಕಲ್ಕತ್ತಾದಲ್ಲೇ ಬಿಟ್ಟು ಬಂದ್ಯಾ?”

“ಒಂದ್ನಿಮಿಷ, ಭಾವ.”

ಯಾರನ್ನೋ ಒಂದು ಮಾತು ಕೇಳಿ ಎಳೆಯಬೇಕು ಎನ್ನಿಸುತ್ತಿತ್ತು. ಕೇಳಬೇಕಾದವರು ಅಲ್ಲಿರಲಿಲ್ಲ. ಭಾವ ನಗುತ್ತ ಹಗ್ಗ ತೆಗೆದುಕೊಂಡು ತಾವೇ ಎಳೆದರು. ಪೂರ್ತಿ ಇಳಿಯುವವರೆಗೂ ನಾನು ಆ ನೀರನ್ನೇ ನೋಡುತ್ತಾ ನಿಂತೆ.