ಗುಡುಗಕ್ಕ ಗೇಟು ತೆಗೆದ ದಿನ

ಎತ್ತರದ ಬೆಟ್ಟದ ಎಸ್ಟೇಟೊಂದರ ಬಂಗಲೆಯಲ್ಲಿ ಅಡುಗೆ ಕೆಲಸ ಅವಳದು. ಅಡುಗೆಮನೆಯಲ್ಲಿ ನಿಂತು ಅವಳು ಯಾರನ್ನಾದರೂ ಏನಾದರೂ ಕೇಳಿದರೆ, ಹಿತ್ತಲಿನಾಚೆ ಕುದುರೆ ಲಾಯದಲ್ಲಿದ್ದವರು ಉತ್ತರ ಕೊಡುತ್ತಿದ್ದರು. ಅಂಥವಳಿಗೆ ಗುಡುಗಕ್ಕ ಎಂಬ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಪಿಸುಮಾತು ಅವಳ ಜಾಯಮಾನಕ್ಕೆ ಒಗ್ಗಿದ್ದಲ್ಲ. ಗಂಡ ಅದೇ ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುವವನು, ಮಾತಿನಲ್ಲಿ ಮಹಾ ಜಿಪುಣ. "ಒಂದು ಮನೆಗೆ ಇಬ್ಬರು ಮಾತಾಡೋರು ಬೇಡ ಅಂತ ದೇವರೇ ನೋಡಿ ಜೋಡಿ ಮಾಡಿದಾನೆ," ಎಂದು ಅವಳೇ ನಗುತ್ತಿದ್ದಳು.

ಅವಳ ತವರು ದೂರದ್ದೇನಲ್ಲ. ಎಸ್ಟೇಟಿನ ಕಬ್ಬಿಣದ ಗೇಟು ದಾಟಿ ಇಳಿಜಾರು ಇಳಿದರೆ ಊರು. ಊರಿನ ಮೊದಲ ಕಟ್ಟಡವೇ ಅವಳ ಅಣ್ಣನ ಬಡಗಿ ಶೆಡ್ಡು. ಕೂಗಿದರೆ ಕೇಳುವಷ್ಟು ಹತ್ತಿರ, ಅದರಲ್ಲೂ ಅವಳು ಕೂಗಿದರೆ. ಆದರೆ ಆ ಗೇಟಿಗೆ ಎಷ್ಟೋ ವರ್ಷಗಳಿಂದ ಬೀಗ.

ಹಿಂದೆ ಹಾಗಿರಲಿಲ್ಲ. ಎಸ್ಟೇಟಿನೊಳಗಿನ ಕೆರೆ ಊರವರಿಗೂ ಬಳಕೆಯದಾಗಿತ್ತು. ಅಣ್ಣ ತಂಗಿ ಈಜು ಕಲಿತದ್ದು ಅಲ್ಲೇ. ಒಂದು ವರ್ಷ ಚಳಿ ವಿಪರೀತವಾಗಿ, ಉರುವಲು ಸಾಲದೆ ಊರವರು ಕೆರೆ ಏರಿಯ ಮರಗಳಿಗೇ ಕೊಡಲಿ ಹಾಕಿದರು. ಎಸ್ಟೇಟಿನ ಯಜಮಾನರು ಸಿಟ್ಟು ತಡೆಯಲಾರದೆ ಊರ ನಡುವೆ ಬಂದು ನಿಂತು, ಮೊದಲು ಕಣ್ಣಿಗೆ ಬಿದ್ದ ಬಡಗಿಯನ್ನು "ಕಳ್ಳ" ಅಂದುಬಿಟ್ಟರು. ಕೊಡಲಿ ಹಿಡಿದವರು ಊರೆಲ್ಲ, ಬೈಗುಳ ತಿಂದವನು ಒಬ್ಬ. ಅವತ್ತು ಗೇಟಿಗೂ ಬೀಗ ಬಿತ್ತು, ಎರಡೂ ಕಡೆಯವರ ಬಾಯಿಗೂ ಬಿತ್ತು.

ಹಿತ್ತಲ ಕಿರುಬಾಗಿಲಿನಿಂದ ಎರಡೂ ಕಡೆ ಓಡಾಡುತ್ತಿದ್ದವಳು ಗುಡುಗಕ್ಕ ಒಬ್ಬಳೇ. ಅಣ್ಣನ ಮುಂದೆ ಯಜಮಾನರ ಸುದ್ದಿ ಎತ್ತುತ್ತಿರಲಿಲ್ಲ, ಯಜಮಾನರ ಮುಂದೆ ಅಣ್ಣನ ಸುದ್ದಿ ಎತ್ತುತ್ತಿರಲಿಲ್ಲ. ಅವಳು ತುಟಿ ಬಿಗಿಹಿಡಿದ ವಿಷಯ ಬದುಕಿನಲ್ಲಿ ಇದೊಂದೇ.

ಇತ್ತ ಕೆರೆಯಲ್ಲಿ ಹೂಳು ತುಂಬಿತು, ಜೊಂಡು ಆಳೆತ್ತರ ಬೆಳೆಯಿತು. ಚಳಿಗಾಲಕ್ಕೆ ದೂರದಿಂದ ಹಾರಿಬರುತ್ತಿದ್ದ ಬಾತುಗಳು ಮೇಲೆಯೇ ಒಂದು ಸುತ್ತು ಹಾಕಿ, ಇಳಿಯಲು ನೀರು ಕಾಣದೆ ಮುಂದೆ ಹೋಗತೊಡಗಿದವು. ಯಜಮಾನರಿಗೆ ಮನುಷ್ಯರ ಮೇಲೆ ಎಷ್ಟು ಸಿಡುಕೋ ಹಕ್ಕಿಗಳ ಮೇಲೆ ಅಷ್ಟೇ ಅಕ್ಕರೆ. ಕೊನೆಗೊಂದು ಚಳಿಗಾಲ ಹೂಳೆತ್ತುವ ಯಂತ್ರ ತರಿಸಿದರು. ಅರ್ಧ ನೀರು ಹೊರಬಿಟ್ಟು ಒಂದು ಮಗ್ಗುಲಿನ ಹೂಳು ತೆಗೆಯುವುದು, ನೀರು ತುಂಬಿದ ಮೇಲೆ ಮುಂದಿನ ವರ್ಷ ಇನ್ನೊಂದು ಮಗ್ಗುಲು ಎಂದು ಯೋಚನೆ.

ಎರಡನೇ ದಿನ ಬೆಳಿಗ್ಗೆ ಗುಡುಗಕ್ಕ ಒಲೆಯ ಬೂದಿ ತೆಗೆಯುತ್ತಿದ್ದಾಗ ಗಂಡ ಓಡಿಬಂದ.

"ತೂಬಿನ ಹಲಗೆ ಮುರೀತು, ಕೆರೆ ಪೂರ್ತಿ ಖಾಲಿ ಆಗ್ತಾ ಇದೆ, ಬೇಗ ಬಾ!"

ಗಂಡನ ಬಾಯಲ್ಲಿ ಒಂದೇ ಉಸಿರಿಗೆ ಇಷ್ಟು ಮಾತು ಬಂದಿದೆ ಎಂದರೆ ಅನಾಹುತವೇ ಆಗಿರಬೇಕೆಂದು ಅವಳು ಕೈ ಕೂಡ ತೊಳೆಯದೆ ಹೊರಟಳು.

ಅನಾಹುತವೇ ಆಗಿತ್ತು. ನೀರು ಹೊರಬಿಡುವ ಕಂಡಿಯಲ್ಲಿದ್ದ ಹಳೆಯ ಮರದ ಹಲಗೆ ಎರಡು ಸೀಳಾಗಿತ್ತು. ಕೆರೆಯಿದ್ದ ಕಡೆ ಕಪ್ಪು ಕೆಸರು, ನಡುವೆ ಒಂದು ಹೊಂಡ. ಇಡೀ ಕೆರೆಯ ಮೀನು ಆ ಹೊಂಡಕ್ಕೆ ಬಂದು ಸೇರಿ, ನೀರು ಕೊತಕೊತ ಕುದಿಯುವಂತೆ ಕಾಣುತ್ತಿತ್ತು. ಏರಿಯ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಉಪ್ಪಿನ ಹರಳಿನ ಹಾಗೆ ಕೂತಿತ್ತು.

"ರಾತ್ರಿ ಈ ಹೊಂಡವೂ ಹೆಪ್ಪುಗಟ್ಟುತ್ತೆ. ಒಂದು ಮೀನೂ ಉಳಿಯಲ್ಲ," ಅಂದ ಯಂತ್ರದವನು.

"ನಾವು ಇರೋರೇ ಆದಷ್ಟು ಎತ್ತೋಣ," ಅಂದರು ಯಜಮಾನರು.

"ನಾವು ಇರೋದೇ ನಾಲ್ಕು ಜನ," ಅಂದಳು ಗುಡುಗಕ್ಕ. "ಊರಿನವರನ್ನ ಕರೀಬೇಕು."

"ನಿನ್ನ ಅಣ್ಣ ಬಂದು ತಪ್ಪಾಯ್ತು ಅನ್ನಲಿ. ಆಮೇಲೆ ಗೇಟಿನ ಮಾತು."

ಅವಳು ಕಿರುಬಾಗಿಲು ದಾಟಿ ಇಳಿಜಾರು ಇಳಿದಳು. ಅಣ್ಣ ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ. ವಿಷಯ ಕೇಳಿ ತಲೆಯೆತ್ತದೆ, "ಅವರು ಬಂದು ಕರೀಲಿ, ಬರ್ತೀನಿ," ಅಂದ.

"ಸರಿಹೋಯ್ತು! ನೀನು ಮೊದಲಾ ನಾನು ಮೊದಲಾ ಅಂತ ಇಬ್ಬರೂ ಕೂತಿರಿ. ಮೀನಿಗೆ ಅಷ್ಟು ಪುರುಸೊತ್ತಿಲ್ಲ."

"ಊರ ಮುಂದೆ ಮಾನ ಹೋಗಿದ್ದು ನಂದು. ನಿಂದಲ್ಲ."

"ನಂದೂ ಹೋಗಿತ್ತು ಅಣ್ಣಾ. ನಾನು ನಿನ್ನ ತಂಗಿ ಅಲ್ವಾ?" ಅವಳ ದನಿ ಒಮ್ಮೆಲೇ ತಗ್ಗಿತು. "ಆ ತೂಬಿನ ಹಲಗೆ ಮಾಡಿದ್ದು ಯಾರು, ನೆನಪಿದೆಯಾ?"

ಉಜ್ಜುಗೊರಡು ನಿಂತಿತು. "ಅಪ್ಪ."

"ಅಪ್ಪ ಮಾಡಿದ್ದು ಇಷ್ಟು ವರ್ಷ ಬಾಳಿ ಇವತ್ತು ಮುರೀತು. ಹೊಸದು ಮಾಡೋಕೆ ಬೇರೆ ಊರಿನ ಬಡಗೀನ ಕರೆಸ್ಲಾ?"

ಉತ್ತರಕ್ಕೆ ಕಾಯದೆ ಅವಳು ಹಿಂದಿರುಗಿದಳು. ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಗೇಟಿನ ಕೀಲಿ ತೆಗೆದುಕೊಂಡಳು. ಬೀಗ ತುಕ್ಕು ಹಿಡಿದು ಕೀಲಿಗೆ ಬಗ್ಗಲಿಲ್ಲ. ಗಂಡನ ಕಡೆ ನೋಡಿದಳು. ಅವನು ಟ್ರ್ಯಾಕ್ಟರಿನಿಂದ ಸುತ್ತಿಗೆ ತಂದು ಒಂದೇ ಏಟಿಗೆ ಬೀಗವನ್ನು ನೆಲಕ್ಕೆ ಉರುಳಿಸಿದ. ಗುಡುಗಕ್ಕ ರಸ್ತೆಯ ನಡುವೆ ನಿಂತು, ಹುಟ್ಟಿದಾಗಿನಿಂದ ಕೂಡಿಟ್ಟ ದನಿಯನ್ನೆಲ್ಲ ಹೊರಗೆ ಬಿಟ್ಟಳು.

"ಕೆರೆ ಸಾಯ್ತಾ ಇದೆ! ಬಿಂದಿಗೆ, ಬಕೆಟ್ಟು, ಹಂಡೆ, ಮನೇಲಿ ಏನಿದ್ರೂ ತಗೊಂಡು ಬನ್ನಿ!"

ಜನ ಬಂದರು. ದರ್ಜಿ ಮೊಮ್ಮಗುವಿನ ಸ್ನಾನದ ಟಬ್ಬು ತಲೆಯ ಮೇಲೆ ಹೊತ್ತು ಬಂದ. ಸ್ಕೂಲಿನ ಮೇಡಂ ಎರಡು ಕೈಗೂ ಬಕೆಟ್ಟು ಹಿಡಿದು ಬಂದರು. ಗೇಟಿನ ಬಳಿ ಯಜಮಾನರು ಕೆಂಗಣ್ಣು ಬಿಟ್ಟುಕೊಂಡು ನಿಂತಿದ್ದರು.

"ಯಾರನ್ನ ಕೇಳಿ ತೆಗೆದೆ?"

"ಯಾರನ್ನೂ ಕೇಳ್ಲಿಲ್ಲ. ಕೇಳಿದ್ರೆ ಬೇಡ ಅಂತಿದ್ರಿ. ನಾಳೆ ನನ್ನ ಕೆಲಸದಿಂದ ತೆಗೀರಿ. ಇವತ್ತು ಈ ಬಕೆಟ್ ಹಿಡೀರಿ."

ಯಜಮಾನರು ಬಕೆಟ್ಟನ್ನು ನೋಡಿದರು, ಅವಳನ್ನು ನೋಡಿದರು, ಹಿಂದೆ ನಿಂತ ಜನರನ್ನು ನೋಡಿದರು. ಹಿಡಿದುಕೊಂಡರು.

ಹೊಂಡದಿಂದ ತೋಟದ ದೊಡ್ಡ ಕಲ್ಲಿನ ತೊಟ್ಟಿಯವರೆಗೆ ಜನ ಸಾಲಾಗಿ ನಿಂತರು. ಕೈಯಿಂದ ಕೈಗೆ ಮೀನು ಸಾಗಿತು. ಕೆಸರಿನೊಳಗೆ ಚಳಿಗೆ ಹೂತು ಮಲಗಿದ್ದ ಆಮೆಗಳನ್ನು ಒದ್ದೆ ಎಲೆ ತುಂಬಿದ ಪೆಟ್ಟಿಗೆಗಳಲ್ಲಿ ಜೋಪಾನವಾಗಿ ಇಟ್ಟರು. ದರ್ಜಿ ತೋಳುದ್ದದ ಮೀನೊಂದನ್ನು ತಬ್ಬಿಕೊಂಡು, "ಅಕ್ಕಾ, ಇದೊಂದು ಬಾಣಲೆಗೆ ಹೋಗ್ಲಾ?" ಅಂದ. "ಹೋಗ್ಲಿ, ಜೊತೆಗೆ ನೀನೂ ಹೋಗು," ಅಂದಳು ಗುಡುಗಕ್ಕ. ಸಾಲಿಗೆ ಸಾಲೇ ನಕ್ಕಿತು.

ಆ ನಗು ನಿಲ್ಲುವ ಮೊದಲೇ ಆಚೆ ಕಡೆಯಿಂದ ಕೂಗು ಕೇಳಿಸಿತು. ಇನ್ನೊಂದು ಆಮೆ ಕಂಡು ಮುಂದೆ ಹೋದ ಯಜಮಾನರು ತೊಡೆಯವರೆಗೆ ಹೂತುಹೋಗಿದ್ದರು. ಕೊಸರಿದಷ್ಟೂ ಕೆಸರು ಎಳೆಯುತ್ತಿತ್ತು. ಹತ್ತಿರ ಹೋಗಲು ಯಾರಿಗೂ ಧೈರ್ಯವಿಲ್ಲ. ಅಷ್ಟರಲ್ಲಿ ಏರಿಯ ಮೇಲೆ ಬಡಗಿ ಕಾಣಿಸಿಕೊಂಡ. ತೂಬಿಗೆಂದು ತಂದ ಹೊಸ ಹಲಗೆ ಹೆಗಲ ಮೇಲಿತ್ತು. ಅದನ್ನೇ ಕೆಸರಿನ ಮೇಲೆ ಹಾಸಿ, ಹೊಟ್ಟೆಯ ಮೇಲೆ ತೆವಳುತ್ತಾ ಹೋಗಿ, ಯಜಮಾನರ ಕಂಕುಳಿಗೆ ಕೈ ಹಾಕಿದ.

"ನೀನು..." ಅಂದರು ಯಜಮಾನರು.

"ಮಾತು ಆಮೇಲೆ. ಮೊದಲು ಎಡಗಾಲು ಎತ್ತಿ. ಬೂಟು ಬಿಟ್ಟುಬಿಡಿ, ಅದರ ಆಸೆ ಬೇಡ."

ಜಗ್ಗಿದ ರಭಸಕ್ಕೆ ಇಬ್ಬರೂ ಹಲಗೆಯ ಮೇಲೆ ಬಿದ್ದರು. ಎದ್ದು ಕೂತಾಗ ಯಾರು ಯಜಮಾನ, ಯಾರು ಬಡಗಿ ಎಂದು ಗುರುತು ಹತ್ತದಷ್ಟು ಕೆಸರು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು," ಅಂದರು ಯಜಮಾನರು ಮೆಲ್ಲಗೆ.

"ಅಂದಿದ್ದು ಊರ ನಡುವೆ," ಅಂದ ಬಡಗಿ.

ಯಜಮಾನರು ಒಮ್ಮೆ ಸುತ್ತ ನೋಡಿದರು. "ಊರೆಲ್ಲ ಇಲ್ಲೇ ಇದೆಯಲ್ಲ," ಎಂದು, ಎಲ್ಲರಿಗೂ ಕೇಳುವಂತೆ ಅದೇ ಮಾತನ್ನು ಮತ್ತೆ ಹೇಳಿದರು.

ಬಡಗಿ ಮುಖ ಒರೆಸಿಕೊಂಡು, "ಆಯ್ತು. ತೂಬು ತೋರಿಸಿ," ಅಂದ.

ಗುಡುಗಕ್ಕ ಬಕೆಟ್ಟು ಹಿಡಿದು ಸುಮ್ಮನೆ ನಿಂತವರನ್ನು ಗದರಿಸಲು ಬಾಯಿ ತೆರೆದಳು. ಆದರೆ ಸೆರಗಿನಿಂದ ಕಣ್ಣೊತ್ತಿಕೊಂಡು, ಕೈಸನ್ನೆಯಲ್ಲೇ "ನಡೀರಿ, ನಡೀರಿ" ಅಂದಳು.

ಹೊತ್ತು ಮುಳುಗುವ ಮುಂಚೆ ಹೊಂಡ ಬರಿದಾಯಿತು, ತೊಟ್ಟಿ ತುಂಬಿತು, ತೂಬಿಗೆ ಹಲಗೆ ಕೂತಿತು. ಬಂಗಲೆಯ ಅಡುಗೆಮನೆಯಲ್ಲಿ ಒಲೆಯ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ. ಬಿಸಿ ಚಹಾದ ಲೋಟ ಯಜಮಾನರ ಕೈಗೆ ಬಂದದ್ದು ಕಟ್ಟಕಡೆಗೆ.

ಗುಡುಗಕ್ಕನ ಕೆಲಸವೇನೂ ಹೋಗಲಿಲ್ಲ. ಇನ್ನೊಂದು ಹೆಗಲೇರಿತು ಅಷ್ಟೇ. ಕೆರೆಯ ಉಸ್ತುವಾರಿ ಊರು ಮತ್ತು ಎಸ್ಟೇಟು ಕೂಡಿ ನೋಡಿಕೊಳ್ಳುವುದೆಂದಾದಾಗ, ಎರಡೂ ಕಡೆಯವರು ಹೆದರುವ ಒಬ್ಬರು ಬೇಕೆಂದು ಅವಳನ್ನೇ ಮುಂದಾಳು ಮಾಡಿದರು. ಕೆರೆ ಬರಿದಾಗಿದ್ದಾಗಲೇ ಹೂಳೆಲ್ಲ ಟ್ರ್ಯಾಕ್ಟರಿನಲ್ಲಿ ಊರಿನ ಹೊಲಗಳಿಗೆ ಹೋಯಿತು. ಮಳೆಗೆ ಕೆರೆ ತುಂಬಿ ಮೀನುಗಳು ಮನೆಗೆ ಮರಳಿದವು. ಈಗ ಪ್ರತಿ ಚಳಿಗಾಲ ರಜೆಯ ದಿನಗಳಲ್ಲಿ ಊರವರು ಬಂದು ಜೊಂಡು ಕೊಯ್ಯುತ್ತಾರೆ, ಏರಿಯಲ್ಲಿ ಸಸಿ ನೆಡುತ್ತಾರೆ, ಒಣಗಿದ ಕೊಂಬೆಗಳನ್ನು ಉರುವಲಿಗೆ ಹಂಚಿಕೊಳ್ಳುತ್ತಾರೆ. ಬಾತುಗಳು ಇಳಿಯುತ್ತವೆ. ಇಳಿದಾಗ ಮಾತ್ರ ಕೆರೆಯ ಬಳಿ ಬರಬೇಡ ಎಂದು ಯಜಮಾನರು ಗುಡುಗಕ್ಕನಿಗೆ ಕೈಮುಗಿಯುತ್ತಾರೆ, ಹಕ್ಕಿಗಳು ಬೆದರುತ್ತವಂತೆ.

ಹೋದ ವಾರ ಪಕ್ಕದ ಎಸ್ಟೇಟಿನ ಮ್ಯಾನೇಜರ್ ಬಂದಿದ್ದ. ಅವರ ಹಳ್ಳದಲ್ಲಿ ಹೂಳು ಕಟ್ಟಿಕೊಂಡಿದೆ, ಊರವರಿಗೂ ಅವರಿಗೂ ಮಾತಿಲ್ಲ, ಏನು ಮಾಡುವುದೆಂದು ಕೇಳಿದ. ಗುಡುಗಕ್ಕ ಸೌಟು ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮೊದಲು ಹೇಳಿ, ನಿಮ್ಮ ಊರಲ್ಲಿ ಕೋಪ ಮಾಡ್ಕೊಂಡು ಕೂತಿರೋರು ಯಾರ‍್ಯಾರು? ಶುರು ಮಾಡೋದು ಅವರ ಮನೆಯಿಂದ."