ರೇಷ್ಮೆ ತುಂಡಿನಲ್ಲಿ ಒರೆಸಿದ ಕೆಂಪು ಕಾರು

ನನ್ನ ಮದುವೆಯ ಹಿಂದಿನ ದಿನ ಸಂಜೆ ಕೊಳ್ಳೇಗಾಲದ ನಮ್ಮ ಬೀದಿಗೆ ಒಂದು ಸ್ಪೋರ್ಟ್ಸ್ ಕಾರು ಬಂತು. ಆಗ ನಮ್ಮ ಬೀದಿಯ ಎರಡು ಸಾಲಿನಲ್ಲೂ ಮಗ್ಗದ ಮನೆಗಳಿದ್ದವು. ಕಾರಿನ ಗುಡುಗಿಗೆ ಒಂದೊಂದೇ ಮಗ್ಗ ನಿಂತು, ಜನ ಜಗಲಿಗೆ ಬಂದರು. ಈಗ ಆ ಬೀದಿಯಲ್ಲಿ ಕೈಮಗ್ಗದ ಸದ್ದು ಕೇಳಬೇಕೆಂದರೆ ಕಿವಿಗೊಟ್ಟು ನಿಲ್ಲಬೇಕು. ಅದಕ್ಕೇ ಏನೋ, ಎಲ್ಲ ಮಗ್ಗವೂ ನಿಂತ ಆ ಕ್ಷಣದ ನಿಶ್ಶಬ್ದ ನನಗೆ ಇನ್ನೂ ನೆನಪಿದೆ.

ಕಾರು ತಂದವರು ನನ್ನ ಅಕ್ಕನ ಗಂಡ. ಭಾವನಿಗೆ ಯಳಂದೂರಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ಕಾರು ಅವರದಲ್ಲ, ಮೈಸೂರಿನಲ್ಲಿರುವ ಅವರ ಗೆಳೆಯರದು. ಆ ಗೆಳೆಯರು ತಮ್ಮ ಹೆಂಡತಿಗೂ ಓಡಿಸಲು ಕೊಡದ ಕಾರು ಅದು. ಬಾಮೈದನನ್ನು ಇದರಲ್ಲೇ ಹನೂರಿನ ಛತ್ರಕ್ಕೆ ಕರೆದುಕೊಂಡು ಹೋಗಬೇಕೆಂದು ಭಾವ ಹಟ ಹಿಡಿದು ಕೇಳಿದ್ದರು. ಗೆಳೆಯರು ಒಂದು ಗೀರೂ ಬೀಳಬಾರದು ಎಂದು ಹೇಳಿ ಬೀಗದ ಕೈ ಕೊಟ್ಟಿದ್ದರು. ಭಾವ ಮಾತು ಕೊಟ್ಟು ತಂದಿದ್ದರು.

ಕೆಂಪು ಕಾರು ಎಂದು ನಮಗೆ ಮೊದಲೇ ಹೇಳಿದ್ದರು. ಆದರೆ ಬಂದು ನಿಂತದ್ದು ಬೂದಿ ಬಣ್ಣದ ಕಾರು. ಅದು ಹುರುಳಿ ಒಕ್ಕಣೆಯ ಕಾಲ. ನಮ್ಮ ಕಡೆ ರೈತರು ಒಣಗಿದ ಹುರುಳಿ ಗಿಡವನ್ನು ಟಾರು ರೋಡಿನ ಮೇಲೇ ಹರಡಿಬಿಡುತ್ತಾರೆ. ಬಸ್ಸು ಲಾರಿ ಹತ್ತಿ ಇಳಿದು ಕಾಳು ಉದುರಿಸಿಕೊಡುತ್ತವೆ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾಗಿದ್ದ ಈ ಕಾರು ಆ ಹರವನ್ನು ದಾಟುವಾಗ ಗಿಡವನ್ನು ಎಳೆದುಕೊಂಡು, ಅದರ ಧೂಳನ್ನೆಲ್ಲ ಮೈಮೇಲೆ ಹಾಕಿಕೊಂಡಿತ್ತು. ಒಂದು ಕಡೆ ಭಾವ ಇಳಿದು ಅಡಿಯಲ್ಲಿ ಸಿಕ್ಕಿಕೊಂಡ ಕಡ್ಡಿ ಬಿಡಿಸುತ್ತಿದ್ದರೆ, ಒಕ್ಕಣೆ ಮಾಡುತ್ತಿದ್ದ ಮುದುಕಿಯೊಬ್ಬಳು, “ಚೆಂದಾಗ್ ಕಾಳ್ ಉದುರ್ತದೆ ಕಣಪ್ಪ, ಇನ್ನೊಂದ್ ಸಲಿ ಹಿಂದ್ಕೋಗಿ ಬಾ” ಎಂದಳಂತೆ.

ಇದನ್ನು ಹೇಳಿ ನಗಿಸಿದ ಭಾವ, ನಮ್ಮ ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಬಾನೆಟ್ ಒರೆಸಲು ಹೋದಾಗ ಮಾತ್ರ ಹಾರಿ ಬಂದು ಕೈ ಹಿಡಿದರು. ಒಣ ಧೂಳಿನಲ್ಲಿ ಮರಳಿರುತ್ತದೆ, ಉಜ್ಜಿದರೆ ಬಣ್ಣ ಗೀರುತ್ತದೆ ಎಂದು ವಿವರಿಸಿದರು. ಒರೆಸುವುದಕ್ಕೆಂದೇ ಗೆಳೆಯರು ಮೆತ್ತನೆಯ ಒಂದು ಬಟ್ಟೆ ಕೊಟ್ಟಿದ್ದರು. ಅದು ದಾರಿಯಲ್ಲಿ ಕಡ್ಡಿ ಬಿಡಿಸುವಾಗ ಮಣ್ಣಿಗೆ ಬಿದ್ದಿತ್ತು. ಮಣ್ಣಿಗೆ ಬಿದ್ದ ಬಟ್ಟೆ ಇನ್ನು ಕಾರಿಗೆ ಮುಟ್ಟಿಸುವ ಹಾಗಿಲ್ಲ.

ಅಪ್ಪ ಅದುವರೆಗೂ ಜಗಲಿಯಲ್ಲಿ ಕೂತಿದ್ದರು. ಎದ್ದು ಬಂದು, ಮಗ್ಗದ ಹಾಸಿನ ಎಳೆಗಳ ಮೇಲೆ ಧೂಳು ಬಿದ್ದಾಗ ನೋಡುವಂತೆ ಕತ್ತು ವಾರೆ ಮಾಡಿ ನೋಡಿದರು.

“ಉಜ್ಜೋದ್ ಬ್ಯಾಡ ಅಳಿಮಯ್ಯ. ನೀರೇ ಇಳಿಸ್ಕಂಡ್ ಓಗ್ಲಿ,” ಎಂದರು.

ಆಮೇಲೆ ನಡೆದದ್ದು ಅಪ್ಪನ ಲೆಕ್ಕದಂತೆ. ನಾನು ಬಿಂದಿಗೆಯಲ್ಲಿ ನೀರು ಹೊತ್ತೆ. ಭಾವ ಕಾರಿನ ತಲೆಯಿಂದ ನಿಧಾನವಾಗಿ, ಮಗುವಿಗೆ ಎರೆಯುವಂತೆ ಸುರಿದರು. ಬೂದಿ ಬಣ್ಣ ಕೆಸರಾಗಿ ಇಳಿದು ಕೆಳಗಿನಿಂದ ಕೆಂಪು ಎದ್ದು ಬಂತು. ಸುರಿದು ಸುರಿದು ಧೂಳೆಲ್ಲ ಹೋದ ಮೇಲೆಯೇ ಅಪ್ಪ ಬಟ್ಟೆ ಮುಟ್ಟಿಸಲು ಬಿಟ್ಟದ್ದು. ಅದಕ್ಕೆ ತಮ್ಮದೇ ಹಳೆಯ ಪಂಚೆಯನ್ನು ಹರಿದುಕೊಟ್ಟರು, ಒಗೆದು ಒಗೆದು ಅರಳೆಯಂತೆ ಮೆತ್ತಗಾಗಿದ್ದ ಪಂಚೆ. ಒಂದು ಬಕೆಟ್ಟಿನಲ್ಲಿ ಬಟ್ಟೆ ಜಾಲಿಸಿ, ಇನ್ನೊಂದರ ತಿಳಿನೀರಿನಲ್ಲಿ ಅದ್ದಿ, ಒಂದೇ ದಿಕ್ಕಿಗೆ ಎಳೆಯಬೇಕು. ಸುತ್ತು ತಿರುಗಿಸುವಂತಿಲ್ಲ, ಒತ್ತುವಂತಿಲ್ಲ.

ಎದುರು ಮನೆಯ ಅತ್ತಿಗೆ ಜಗಲಿಯಿಂದಲೇ, ಕಾರಿಗೆ ಇಷ್ಟು ಎಣ್ಣೆ ನೀರಾದರೆ ಮದುವೆ ಗಂಡಿಗೆ ನೀರು ಉಳಿದೀತೇ ಎಂದು ಕೆಣಕಿದರು. ನಾಳೆ ಹುಡುಗಿ ಹಾರ ಹಾಕುವುದು ಕಾರಿಗೇ ಬಿಡಿ ಎಂದು ಭಾವ ತಿರುಗಿ ಹೇಳಿದರು. ಕತ್ತಲಾಗುವ ಹೊತ್ತಿಗೆ ಕಾರು ಹೇಗೆ ಹೊಳೆಯುತ್ತಿತ್ತೆಂದರೆ, ಅದರ ಬಾಗಿಲಿನಲ್ಲಿ ನಮ್ಮ ಇಡೀ ಬೀದಿ ಕಾಣುತ್ತಿತ್ತು. ಭಾವ ಸುತ್ತಲೂ ಬಗ್ಗಿ ನೋಡಿದರು. ಎಲ್ಲೂ ಒಂದು ಗೀರಿರಲಿಲ್ಲ.

ಬೆಳಿಗ್ಗೆ ನಾನು ಪೇಟ ಕಟ್ಟಿಸಿಕೊಂಡು ಹೊರಗೆ ಬಂದಾಗ ಅವ್ವ ಕಾರಿನ ಪಕ್ಕ ನಿಂತಿದ್ದಳು. ನಾನು ಕೂರುವ ಕಡೆಯ ಬಾಗಿಲಿನ ಮೇಲೆ ಇಬ್ಬನಿ ಕೂತಿತ್ತು, ಮೇಲೆ ರಾತ್ರಿಯ ತೆಳು ಧೂಳು. ಮಗನನ್ನು ಮದುವೆಗೆ ಕರೆದೊಯ್ಯುವ ಗಾಡಿಗೆ ಹಳೇ ಪಂಚೆ ಸಾಲದು ಎಂದು ಅವಳಿಗೆ ಅನಿಸಿರಬೇಕು. ಪೆಟ್ಟಿಗೆಯಿಂದ ರೇಷ್ಮೆಯ ತುಂಡೊಂದನ್ನು ತೆಗೆದು ತಂದಿದ್ದಳು. ತನ್ನ ಧಾರೆ ಸೀರೆ ಹರಿದ ಮೇಲೆ ಎತ್ತಿಟ್ಟುಕೊಂಡಿದ್ದ ತುಂಡು ಅದು. ದೇವರ ಪಟ ಒರೆಸುವುದಕ್ಕೆ ಬಿಟ್ಟರೆ ಅದನ್ನು ಹೊರಗೆ ತೆಗೆದವಳಲ್ಲ. ನಮ್ಮ ಬೀದಿಯಲ್ಲಿ ರೇಷ್ಮೆಗಿಂತ ಮೆತ್ತಗಿನದು ಯಾವುದೂ ಇಲ್ಲ. ಜರಿ ಅಂಚನ್ನು ಒಳಗೆ ಮಡಿಚಿಕೊಂಡೇ ಬಾಗಿಲು ಒರೆಸಿದಳು. “ನೋಡ್ ಮಗ, ಎಂಗ್ ಒಳೀತದೆ,” ಎಂದು ನನಗೆ ದೃಷ್ಟಿ ತೆಗೆದು ಕಳಿಸಿದಳು.

ಹನೂರಿನ ಛತ್ರದ ಮುಂದೆ ಇಳಿದಾಗ ಬಿಸಿಲು ಓರೆಯಾಗಿ ಬಾಗಿಲಿನ ಮೇಲೆ ಬೀಳುತ್ತಿತ್ತು. ನನ್ನ ಕಡೆಗೆ ಬಂದ ಭಾವ ಅಲ್ಲೇ ನಿಂತುಬಿಟ್ಟರು. ಕೂದಲೆಳೆಯಂಥ ಗೀರುಗಳು, ಒಂದರ ಪಕ್ಕ ಒಂದು, ಜರಿ ಅಂಚಿನ ಅಗಲಕ್ಕೆ. ಒರೆಸುವಾಗ ಮಡಿಕೆ ಬಿಚ್ಚಿಕೊಂಡು, ಜರಿ ಆ ಧೂಳನ್ನೂ ಸೇರಿಸಿ ಎಳೆದಿತ್ತು. ಅಷ್ಟರಲ್ಲಿ ಹಿಂದೆ ನಮ್ಮ ಮನೆಯವರಿದ್ದ ವ್ಯಾನು ಬಂತು. ಹೆಣ್ಣಿನ ಕಡೆಯವರಿಗೆ ಅವ್ವ ಇಳಿಯುತ್ತಲೇ ಕಾರು ತೋರಿಸತೊಡಗಿದಳು.

“ಬಾಯ್ ಬುಡ್ಬ್ಯಾಡ ಕಣ್ಲಾ,” ಎಂದರು ಭಾವ ನನ್ನ ಕಿವಿಯಲ್ಲಿ. “ನಮ್ಮತ್ತೆ ಇಷ್ಟು ನಕ್ಕಿದ್ದ ನಾನ್ ನೋಡೇ ಇಲ್ಲ.”

ಮದುವೆ ಮುಗಿದು ಕಾರು ವಾಪಸು ಕೊಡಲು ಹೊರಟಾಗ ಜೊತೆಗೆ ನಾನೂ ಹೋದೆ. ಮೈಸೂರಿನವರೆಗೂ ಭಾವ ಒಂದೊಂದು ಸುಳ್ಳು ಕಟ್ಟಿ ನನ್ನ ಮುಂದೆ ಹೇಳಿ ನೋಡಿದರು. ಎತ್ತಿನ ಗಾಡಿ ಒರೆಸಿಕೊಂಡು ಹೋಯಿತು ಎಂದರು, ಬೇಲಿಮುಳ್ಳು ತಾಗಿತು ಎಂದರು. ಯಾವುದೂ ಅವರಿಗೇ ಹಿಡಿಸಲಿಲ್ಲ. ಗೆಳೆಯರು ಗೇಟು ತೆಗೆಯುತ್ತಿದ್ದಂತೆಯೇ ಅವರನ್ನು ಆ ಬಾಗಿಲಿನ ಹತ್ತಿರ ಕರೆದುಕೊಂಡು ಹೋಗಿ, ಹುರುಳಿಯಿಂದ ಹಿಡಿದು ಜರಿಯವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟರು. ಮಾತು ಉಳಿಸಿಕೊಳ್ಳಲಾಗಲಿಲ್ಲ ಎಂದು ತಲೆ ತಗ್ಗಿಸಿದರು.

ಗೆಳೆಯರು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಅವರಿಗೆ ನೋವಾಗಿತ್ತು. ಅದನ್ನು ಮುಚ್ಚಿಡಲು ಅವರು ನಗಲೂ ಇಲ್ಲ. ಆಮೇಲೆ ಕೇಳಿದರು:

“ಇದನ್ನ ನಿಮ್ಮತ್ತೆಗೆ ಹೇಳಿದ್ಯಾ?”

“ಇಲ್ಲ.”

“ಹೇಳ್ಬೇಡ,” ಎಂದು ಎದ್ದು, ಕಾಫಿಗೆ ಒಳಗೆ ಕರೆದರು.

ಅಪ್ಪ ಈಗಿಲ್ಲ. ಆ ಕಾರು ಯಾರ ಕೈಯಲ್ಲಿದೆಯೋ ಗೊತ್ತಿಲ್ಲ. ಭಾವನಿಗೆ ಮಂಡಿ ನೋವು, ಅವರೀಗ ಕೊಳ್ಳೇಗಾಲಕ್ಕೆ ಬರುವುದು ಬಸ್ಸಿನಲ್ಲಿ. ಬಂದಾಗಲೆಲ್ಲ ಅವ್ವ ನನ್ನ ಮಗಳನ್ನು ಕೂರಿಸಿಕೊಂಡು ಆ ಮದುವೆಯ ಕತೆ ತೆಗೆಯುತ್ತಾಳೆ. ನಿಮ್ಮ ತಾತ ಪಂಚೆಯಲ್ಲಿ ಒರೆಸಿದ್ದು ಏನೂ ಅಲ್ಲ, ನಾನು ರೇಷ್ಮೆಯಲ್ಲಿ ಒರೆಸಿದ ಮೇಲೆಯೇ ಅದಕ್ಕೆ ಕಳೆ ಬಂದದ್ದು ಎನ್ನುತ್ತಾಳೆ. ಹೌದೋ ಅಲ್ಲವೋ ಎಂದು ಅಳಿಯನ ಕಡೆ ತಿರುಗುತ್ತಾಳೆ.

“ಊಂ ಕಣತ್ತೆ,” ಎನ್ನುತ್ತಾರೆ ಭಾವ. “ಅನೂರ್‌ಗಂಟ ಒಳೀತಿತ್ತು.”