ಭರಮಣ್ಣನ ಮೈದಾ ಅಂಟು

ಗೋಡೆಗೂ ಸೀರೆ ಉಡಿಸುವ ಕಾಲ ಬಂತಲ್ಲ ಎಂದು ನನಗೆ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದು ಬಣ್ಣದ ಅಂಗಡಿ. ನಮ್ಮಪ್ಪ ಸುಣ್ಣ, ಕಾವಿ ಮಾರಿದ. ನಾನು ಡಿಸ್ಟೆಂಪರ್ ಮಾರಿದೆ. ತೊಂಬತ್ತೆಂಟರ ಹೊತ್ತಿಗೆ ಎಸ್.ಎಸ್. ಬಡಾವಣೆಯಲ್ಲಿ ಮನೆ ಕಟ್ಟಿಸಿದವರೆಲ್ಲ ಬಂದು, "ಬಣ್ಣ ಬ್ಯಾಡ್ರಿ ಕೊಟ್ಟೂರೇಶಣ್ಣ, ವಾಲ್‌ಪೇಪರ್ ಐತೇನು?" ಎಂದು ಕೇಳತೊಡಗಿದರು. ಹೂಬಳ್ಳಿಯ ಕಾಗದ, ಇಟ್ಟಿಗೆಯ ಚಿತ್ರದ ಕಾಗದ, ಗೋಡೆಯ ಮೇಲಂಚಿಗೆ ಥರ್ಮೋಕೋಲ್ ಪಟ್ಟಿ. ನಿಜವಾದ ಇಟ್ಟಿಗೆಗೆ ಸಿಮೆಂಟ್ ಮೆತ್ತಿಸಿ, ಅದರ ಮೇಲೆ ಮತ್ತೆ ಇಟ್ಟಿಗೆಯ ಚಿತ್ರ ಅಂಟಿಸಿಕೊಳ್ಳುವ ಜಾಣರಿಗೆ ಏನು ಹೇಳೋಣ? ಗಿರಾಕಿ ಕೇಳಿದ್ದನ್ನು ಇಡದಿದ್ದರೆ ಅಂಗಡಿಗೆ ಬೀಗ ಜಡಿಯಬೇಕು. ಬೈದುಕೊಂಡೇ ತಂದಿಟ್ಟೆ.

ಇಟ್ಟ ಮೇಲೆ ಅಂಟಿಸುವವರು ಬೇಕಲ್ಲ. ನಮ್ಮ ಪೇಂಟರುಗಳು ಅಂಟಿಸಿದರೆ ಮರುದಿನವೇ ಹಪ್ಪಳದ ಹಾಗೆ ಗುಳ್ಳೆ ಏಳುತ್ತಿತ್ತು. ಆಗ ಸಿಕ್ಕವನು ಹರಿಹರದ ಭರಮಣ್ಣ. ಎರಡೂ ಊರಿನ ಗೋಡೆಗಳಿಗೆ ವರ್ಷಗಟ್ಟಲೆ ಸಿನಿಮಾ ಪೋಸ್ಟರ್ ಅಂಟಿಸಿದವನು. ಮನೆಮನೆಗೆ ಕೇಬಲ್ ಟೀವಿ ಬಂದು ಟಾಕೀಸಿನ ಕೆಲಸ ಸೊರಗಿತ್ತು. ನಾಯಕನ ಮೂಗು ಒಂದು ಹಾಳೆಯಲ್ಲಿ, ಮೀಸೆ ಇನ್ನೊಂದರಲ್ಲಿ ಇರುವ ದೊಡ್ಡ ಪೋಸ್ಟರುಗಳನ್ನು ಕೂದಲೆಳೆ ತಪ್ಪದಂತೆ ಕೂಡಿಸಿದ ಕೈ ಅದು. ಹೂಬಳ್ಳಿ ಯಾವ ಲೆಕ್ಕ? ಆದರೆ ಮನುಷ್ಯ ಮಹಾ ಪುಕ್ಕಲ. ಗಾಳಿಗೆ ಬಾಗಿಲು ಬಡಿದರೂ ಎದೆ ಹಿಡಿದುಕೊಳ್ಳುವ ಪ್ರಾಣಿ. ಕೆಲಸ ಮುಗಿಸಿ ಬಸ್ ಹತ್ತಲು ಹೋದವನು ಮತ್ತೆ ಬಂದು, "ಅಣ್ಣಾರೆ, ಆ ಮೂಲೆ ಬಿಟ್ಕಂಡಿರಾಕಿಲ್ಲ ಅಲ್ಲೇನ್ರಿ?" ಎಂದು ನನ್ನ ಜೀವ ತಿನ್ನುತ್ತಿದ್ದ.

ಅಂಟನ್ನು ಹರಿಹರದ ಮನೆಯಲ್ಲಿ ಅವನ ಹೆಂಡತಿ ಸುಂಕಲಮ್ಮ ಕುದಿಸಿ ಬಕೆಟ್ಟಿಗೆ ತುಂಬಿ ಕೊಡುತ್ತಿದ್ದಳು. ಮೈದಾ, ನೀರು, ಅದಕ್ಕೆ ಒಂದು ಚೂರು ಮೈಲುತುತ್ತದ ನೀಲಿ ಹರಳು. ಪೋಸ್ಟರ್ ಅಂಟಿಸುವವರ ರೂಢಿ ಅದು. ತುತ್ತ ವಿಷ, ಅದು ಬಿದ್ದರೆ ಅಂಟಿಗೆ ಹುಳ ಹತ್ತುವುದಿಲ್ಲ, ಬೀದಿಯ ದನಗಳು ಪೋಸ್ಟರ್ ಕಿತ್ತು ತಿನ್ನುವುದಿಲ್ಲ. ಮನೆಯೊಳಗಿನ ಗೋಡೆಯನ್ನು ಯಾವ ದನ ನೆಕ್ಕೀತು ಎಂದು ನಾವಿಬ್ಬರೂ ಯೋಚಿಸಿರಲಿಲ್ಲ.

ಆ ಬೇಸಿಗೆಯಲ್ಲಿ ಜವಳಿ ವ್ಯಾಪಾರಿ ಬಕ್ಕೇಶಪ್ಪನವರು ಮನೆಯ ಒಂದು ಕೋಣೆಗೆ ಕಾಗದ ಹಾಕಿಸಿದರು. ಅವರ ಮಗಳು ವಾಣಿ ಚೊಚ್ಚಲ ಬಸುರಿ. ಕುಬಸದ ಶಾಸ್ತ್ರ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಬರುವವಳಿದ್ದಳು. ಭರಮಣ್ಣ ಗುಲಾಬಿ ಹೂವಿನ ಕಾಗದವನ್ನು ಎಷ್ಟು ಚೆನ್ನಾಗಿ ಅಂಟಿಸಿದನೆಂದರೆ, ಬಕ್ಕೇಶಪ್ಪನವರ ಹೆಂಡತಿ ನಿರ್ಮಲಮ್ಮ ಅವನಿಗೆ ಹೋಳಿಗೆ ಊಟ ಹಾಕಿ ಕಳಿಸಿದರು.

ಮಗಳು ಬಂದು ವಾರವಾಗಿರಬಹುದು. ಒಂದು ಬೆಳಿಗ್ಗೆ ನಿರ್ಮಲಮ್ಮ ನಗುನಗುತ್ತ ಅಂಗಡಿಗೆ ಬಂದರು. ಭರಮಣ್ಣನೂ ಅಲ್ಲೇ ಸುರುಳಿ ಕತ್ತರಿಸುತ್ತ ಕುಳಿತಿದ್ದ.

"ನಿಮ್ ಕಾಗದ ಒಂದ್ ಕಡೆ ಮತ್ತ ಅಂಟಿಸ್ಬೇಕಾತು ನೋಡ್ರಿ. ನಮ್ ವಾಣಿ ಮಂಚದ ಪಕ್ಕ ಇರೋದನ್ನ ಕಿತ್ತು, ಹಿಂದಿನ ಅಂಟು ಕೆರಕಂಡು ತಿಂತಾಳ್ರಿ! ಬಸುರಿ ಬಯಕೆ. ನಾನು ಇವಳು ಹೊಟ್ಟ್ಯಾಗಿದ್ದಾಗ ಒಲೀ ಮಣ್ಣು ತಿಂದಿದ್ದೆ."

ನಾನೂ ನಗಲು ಬಾಯಿ ತೆರೆದೆ. ಭರಮಣ್ಣನ ಮುಖ ನೋಡಿ ನಗು ಅಲ್ಲೇ ನಿಂತಿತು. ಅವನ ಕೈಯಿಂದ ಕತ್ತರಿ ಕೆಳಗೆ ಬಿತ್ತು.

"ಅಮ್ಮಾರೆ, ತಿನ್ನಾಕ ಬಿಡಬ್ಯಾಡ್ರಿ. ಅದ್ರಾಗ ಮೈಲುತುತ್ತ ಐತ್ರಿ" ಎಂದ. ಹೇಳಿದವನೇ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ನಿರ್ಮಲಮ್ಮ, "ನಿನ್ನಿ ವಾಂತಿ ಮಾಡ್ಕಂಡ್ಳಲ್ಲೋ ಯಪ್ಪಾ! ಮಾವಿನಹಣ್ಣು ಜಾಸ್ತಿ ಆತು ಅನ್ಕಂಡಿದ್ವಿ" ಎಂದು ಕೂಗಿಕೊಂಡವರೇ ಆಟೋ ಹತ್ತಿದರು. ನಾವು ಸ್ಕೂಟರಿನಲ್ಲಿ ಹಿಂದೆಯೇ ಹೋದೆವು.

ವಾಣಿ ಮಂಚದ ಮೇಲೆ ಕುಳಿತು ಏನೋ ಓದುತ್ತಿದ್ದಳು. ಅವಳ ತಲೆದಿಂಬಿನ ಪಕ್ಕ ಅಂಗೈಯಗಲದಷ್ಟು ಗೋಡೆ ಬೋಳಾಗಿತ್ತು. ನಾನು ಬಗ್ಗಿ ನೋಡಿದೆ. ತುತ್ತ ಬಿದ್ದ ಅಂಟು ತುಸು ನೀಲಿ ಕಾಣಬೇಕು. ಆದರೆ ಆ ಗೋಡೆಗೆ ಮೊದಲು ಹೊಡೆದಿದ್ದದ್ದೇ ತಿಳಿನೀಲಿ ಡಿಸ್ಟೆಂಪರ್, ನಾನೇ ಮಾರಿದ್ದು. ಭರಮಣ್ಣನ ಬಕೆಟ್ಟಂತೂ ವರ್ಷಗಳಿಂದ ನೀಲಿಗಟ್ಟಿ ಹೋಗಿತ್ತು. ಯಾವುದನ್ನು ನೋಡಿ ಏನು ಹೇಳುವುದು?

ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ವಾಣಿಯನ್ನು ಮಲಗಿಸಿಕೊಂಡು, ಹೊರಗೆ ಬಂದು ಕೇಳಿದರು: "ಅಂಟಿಗೆ ಎಷ್ಟು ಹಾಕಿದ್ರಿ? ಸರಿಯಾಗಿ ಹೇಳ್ರಿ. ತಾಯಿ, ಮಗು ಇಬ್ಬರ ಪ್ರಶ್ನೆ."

ಭರಮಣ್ಣ ನನ್ನ ಮುಖ ನೋಡಿದ. ಹಾಕುತ್ತಿದ್ದವಳು ಸುಂಕಲಮ್ಮ. ಅಳತೆ ಅವಳ ಕೈಗೆ ಗೊತ್ತು, ಇವನಿಗಲ್ಲ. ಅವರ ಓಣಿಯಲ್ಲಿ ಯಾರ ಮನೆಯಲ್ಲೂ ಫೋನಿರಲಿಲ್ಲ. ಬಕ್ಕೇಶಪ್ಪನವರು ಬೈಯಲಿಲ್ಲ, ಕೈ ಎತ್ತಲಿಲ್ಲ. "ಹೋಗಿ ಕೇಳ್ಕಂಡು ಬರ್ರಿ" ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹರಿಹರದ ದಾರಿ ಆವತ್ತಿನಷ್ಟು ಉದ್ದ ನನಗೆಂದೂ ಅನ್ನಿಸಿರಲಿಲ್ಲ. ಲಾರಿಗಳ ಸಾಲಿನ ಹಿಂದೆ ತೆವಳಿದೆವು. ಹಿಂದೆ ಕುಳಿತವನು ನನ್ನ ಅಂಗಿ ಹಿಡಿದುಕೊಂಡು ಒಂದೇ ಸಮನೆ ಗೊಣಗುತ್ತಿದ್ದ. "ಒಮ್ಮೊಮ್ಮಿ ಚಿಟಿಕಿ ಹಾಕ್ತಾಳ್ರಿ. ಮಳಿಗಾಲದಾಗ ಜಾಸ್ತಿ ಹಾಕ್ತಾಳೆ. ಈಗ ಮಳಿಗಾಲ ಅಲ್ಲಲ್ರಿ ಅಣ್ಣಾರೆ? ಆ ಕೂಸಿಗೆ ಏನಾರ ಆದ್ರ ನಾ ಹೆಂಗೆ ಬದುಕ್ಲಿ?" ನಾನು ಸುಮ್ಮನಿರೋ ಎಂದು ಗದರಿದೆ. ಅವನ ಭಯ ನನ್ನ ಬೆನ್ನಿಗೂ ಹತ್ತಿತ್ತು. ಅವನನ್ನು ಆ ಮನೆಗೆ ಕಳಿಸಿದವನು ನಾನೇ ಅಲ್ಲವೇ?

ಸುಂಕಲಮ್ಮ ಒಲೆಯ ಮುಂದೆ ಅಂಟು ತಿರುವುತ್ತಿದ್ದಳು. ಭರಮಣ್ಣ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಎಷ್ಟ್ ಹಾಕಿದ್ದೆ? ಖರೆ ಹೇಳು" ಎಂದ.

"ಹಾಕಿಲ್ಲ" ಎಂದಳು.

"ನನ್ ಉಳ್ಸಾಕ ಸುಳ್ಳು ಹೇಳಬ್ಯಾಡ! ಅಲ್ಲಿ ಬಸುರಿ ಹೆಣ್ಮಗಳು ಮಲಗ್ಯಾಳ."

"ಹಾಕಿಲ್ಲ ಅಂದ್ನೆಲ್ಲ. ಯುಗಾದಿ ಆದಮ್ಯಾಲೆ ಹಾಕೇ ಇಲ್ಲ."

ಭರಮಣ್ಣ ನಂಬಲಿಲ್ಲ. ನಾನೂ ನಂಬಲಿಲ್ಲ. ಹುಳ ಹತ್ತುತ್ತದೆಂದು ಗೊತ್ತಿದ್ದೂ, ಇಷ್ಟು ವರ್ಷದ ರೂಢಿಯನ್ನು ಇದ್ದಕ್ಕಿದ್ದಂತೆ ಯಾರು ಬಿಡುತ್ತಾರೆ? "ಯಾಕ ಹಾಕ್ಲಿಲ್ಲ, ಹೇಳು" ಎಂದು ಅವನು ಅವಳ ರಟ್ಟೆ ಹಿಡಿದ.

ಅವಳು ನನ್ನ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು. ಪಾತ್ರೆಯ ಅಂಚಿನಲ್ಲಿ ಕಟ್ಟಿದ್ದ ಅಂಟಿನ ಕೆನೆಯನ್ನು ಬೆರಳಿನಿಂದ ಕೆರೆದು ಬಾಯಿಗಿಟ್ಟುಕೊಂಡಳು.

"ನನಗೂ ಇದೇ ಬಯಕೆ" ಎಂದಳು.

ಒಲೆಯ ಮೇಲೆ ಅಂಟು ಸೀಯತೊಡಗಿತ್ತು. ಯಾರೂ ಇಳಿಸಲಿಲ್ಲ.

"ಹೇಳಬಾರದೇನೇ ನನಗ?" ಎಂದ ಭರಮಣ್ಣ.

"ಎಲ್ಡು ಸಲ ಹೇಳಿದ್ದೆ. ಎಲ್ಡು ಸಲಾನೂ ಉಳೀಲಿಲ್ಲ. ಈ ಸಲ ಹೇಳದೇ ಇದ್ರ ಉಳೀತೈತೇನೋ ಅನ್ಕಂಡೆ."

ಬೇರೆಯವರ ಮಗಳಿಗಾಗಿ ದಾರಿಯುದ್ದಕ್ಕೂ ಹೆದರಿದ ಮನುಷ್ಯ ಈಗ ತನ್ನದೇ ಕೂಸಿಗಾಗಿ ಹೆದರಿದ. ಗೂಡಿನಲ್ಲಿದ್ದ ತುತ್ತದ ಪೊಟ್ಟಣವನ್ನು ತೆಗೆದು ನನ್ನ ಕೈಗೆ ತುರುಕಿ, "ನಿಮ್ ಅಂಗಡ್ಯಾಗ ಇಟ್ಕಳ್ರಿ ಅಣ್ಣಾರೆ. ನಮ್ ಮನ್ಯಾಗ ಬ್ಯಾಡ" ಎಂದ.

ಬಸ್ ಸ್ಟ್ಯಾಂಡಿನ ಪಕ್ಕದ ಎಸ್‌ಟಿಡಿ ಬೂತಿನಿಂದ ನರ್ಸಿಂಗ್ ಹೋಮಿಗೆ ಫೋನ್ ಮಾಡಿದೆ. ನಿರ್ಮಲಮ್ಮನೇ ಫೋನಿಗೆ ಬಂದರು. ಅಂಟಿನಲ್ಲಿ ತುತ್ತ ಇರಲೇ ಇಲ್ಲ, ಬರೀ ಮೈದಾ ಎಂದೆ. ಆ ಕಡೆ ಅಳು ಕೇಳಿಸಿತು. ಆಮೇಲೆ, "ಯಾಕ ಹಾಕಿರ್ಲಿಲ್ಲಂತ್ರಿ?" ಎಂದರು.

ಗಾಜಿನ ಆಚೆ ನಿಂತಿದ್ದ ಭರಮಣ್ಣ ಬೇಡ ಬೇಡ ಎಂದು ಕೈಯಾಡಿಸಿದ. ಮೂರು ತಿಂಗಳು ತುಂಬುವ ತನಕ ಹೊರಗೆ ಬಾಯಿ ಬಿಡಬಾರದು. ನನಗೆ ಗೊತ್ತಾದದ್ದೇ ಅವನಿಗೆ ಹೆಚ್ಚಾಗಿತ್ತು.

"ಮರ್ತಿದ್ಲಂತ್ರಿ" ಎಂದೆ.

"ಒಳ್ಳೇ ಹೊತ್ತಿನಾಗ ಮರ್ತಾಳ ತಾಯಿ. ಅವಳ ಹೊಟ್ಟಿ ತಣ್ಣಗಿರ್ಲಿ ಅಂತ ಹೇಳ್ರಿ."

ಹೊರಗೆ ಬಂದು ಆ ಮಾತನ್ನು ಹಾಗೆಯೇ ಹೇಳಿದೆ. ಭರಮಣ್ಣ ಬೂತಿನ ಮೆಟ್ಟಿಲ ಮೇಲೆ ಕುಸಿದು, ಜನ ನೋಡುತ್ತಿದ್ದಾರೆಂಬುದನ್ನೂ ಮರೆತು, ಜೋರಾಗಿ ಅತ್ತ.